ಗಂಟೆಯಮ್ಮನ ಮೂರನೇ ಹಂತ

ಆ ಮನೆಯ ತಟ್ಟೆಗಳು ಹಳೆಯವಾಗಿ ಸವೆದು ಹೋದದ್ದನ್ನು ಯಾರೂ ಕಂಡಿರಲಿಲ್ಲ. ಎಲ್ಲವೂ ಗೋಡೆಗೆ ಬಡಿದೇ ಹೋಗುತ್ತಿದ್ದವು. ಪಿಂಗಾಣಿಯವು ಅಜ್ಜಿಯ ಮಗನ ಮದುವೆಯಾದ ಮೊದಲ ವರ್ಷವೇ ಮುಗಿದವು, ಆಮೇಲೆ ಗಾಜಿನವು. ಈಗ ಉಳಿದವೆಲ್ಲ ಸ್ಟೀಲಿನವು. ಅವೂ ಅಂಚು ನೆಗ್ಗಿ, ಮೇಜಿನ ಮೇಲಿಟ್ಟರೆ ನೆಟ್ಟಗೆ ಕೂರದೆ ಕುಣಿಯುತ್ತಿದ್ದವು. ಊಟಕ್ಕೆ ಕೂತವರು ಒಂದು ಕೈಯಲ್ಲಿ ತಟ್ಟೆ ಅದುಮಿಕೊಂಡೇ ಉಣ್ಣಬೇಕಿತ್ತು.

ಆ ಭಾನುವಾರ ಮಧ್ಯಾಹ್ನ ಹಾರಿದ್ದು ತಟ್ಟೆಯಲ್ಲ, ಹುರಿದ ಆಲೂಗಡ್ಡೆ ತುಂಬಿದ್ದ ಬಾಣಲೆ. ಎಸೆದವನು ಮಗ. ಟೈರಿನ ಅಂಗಡಿ ಇಟ್ಟವನು, ಲಾರಿಯ ಚಕ್ರವನ್ನು ಒಂದೇ ಕೈಯಲ್ಲಿ ಉರುಳಿಸುವ ಆಳು. ಉಪ್ಪು ಹೆಚ್ಚಾಯಿತು ಅಂತ ಶುರುವಾದ ಮಾತು, ಸೊಸೆ "ಹಾಗಾದ್ರೆ ನೀವೇ ಮಾಡ್ಕೊಳ್ಳಿ" ಅಂದಲ್ಲಿಗೆ ಮುಟ್ಟಿತು. ಬಾಣಲೆ ಹೋಗಿ ಅವಳ ಬಾಯಿಗೆ ಬಡಿಯಿತು. ಸೊಸೆ ಬೇಕರಿಯಲ್ಲಿ ಹಿಟ್ಟು ನಾದುವವಳು, ಅವಳ ತೋಳೂ ಸಾಮಾನ್ಯದ್ದಲ್ಲ. ರಕ್ತ ಉಗುಳಿ, ಕೈಗೆ ಸಿಕ್ಕ ಸ್ಟೂಲನ್ನು ಎತ್ತಿ ಅವನ ಮೊಣಕಾಲಿಗೆ ಬೀಸಿದಳು. ಹದಿನೈದರ ಮೊಮ್ಮಗಳು ಮೇಜಿನಡಿ ಬಗ್ಗಿ, ಆಲೂಗಡ್ಡೆಯ ಚೂರುಗಳ ನಡುವಿನಿಂದ ಏನನ್ನೋ ಹೆಕ್ಕಿಕೊಂಡಳು.

"ಅಜ್ಜಿ, ಅಮ್ಮನ ಹಲ್ಲು," ಎಂದು ಅಂಗೈ ಚಾಚಿದಳು.

ಕೆಳಗಿನ ಮನೆಯ ದರ್ಜಿ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದ.

"ಏನಮ್ಮಾ ಇದು, ಸೂರು ಕಿತ್ಕೊಂಡು ಬೀಳೋ ಹಾಗಿದೆ. ಯಾರು ಶುರು ಮಾಡಿದ್ದು?"

"ಇಬ್ಬರದೂ ಇದೆ ಬಿಡಪ್ಪಾ," ಎಂದಳು ಅಜ್ಜಿ. ಎಷ್ಟೋ ವರ್ಷದಿಂದ ದರ್ಜಿಗೆ ಕೊಡುತ್ತಿದ್ದ ಉತ್ತರ ಅದೇ. ಅವನೂ ತಲೆಯಾಡಿಸಿ ಇಳಿದು ಹೋದ.

ಅಜ್ಜಿಗೆ ಕೆಲಸದ ಕಡೆ ಇದ್ದ ಹೆಸರು ಗಂಟೆಯಮ್ಮ. ಷೇರು ವಿನಿಮಯ ಕೇಂದ್ರದಲ್ಲಿ ಮೂವತ್ತಮೂರು ವರ್ಷ ಸವೆಸಿದವಳು, ನಿವೃತ್ತಿಗೆ ಇನ್ನೊಂದು ವರ್ಷ. ಮೊದಲೆಲ್ಲ ಅಲ್ಲಿ ದೊಡ್ಡ ಅಂಗಣವಿತ್ತು. ದಲ್ಲಾಳಿಗಳು ಒಬ್ಬರ ಮೈಮೇಲೊಬ್ಬರು ಬಿದ್ದು ಕೂಗುತ್ತ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಗದ್ದಲ ಮಿತಿ ಮೀರಿ ಬೆಲೆಗಳು ಬಾವಿಗೆ ಬಿದ್ದಂತೆ ಬೀಳತೊಡಗಿದರೆ ಇವಳು ಹಿತ್ತಾಳೆಯ ಕೈಗಂಟೆ ಬಾರಿಸುವಳು. ಬಾರಿಸಿದರೆ ಮುಗಿಯಿತು, ಎಂಥ ಕೋಟ್ಯಧೀಶನೂ ಬಾಯಿ ಮುಚ್ಚಬೇಕು. ಆಮೇಲೆ ಕಂಪ್ಯೂಟರು ಬಂತು, ಅಂಗಣ ಖಾಲಿಯಾಯಿತು, ಗಂಟೆಯನ್ನು ಸಾಹೇಬರು ಇವಳಿಗೇ ಕೊಟ್ಟುಬಿಟ್ಟರು.

ಗಂಟೆ ಹೋದರೂ ಕೆಲಸ ಹೋಗಲಿಲ್ಲ. ನಾಲ್ಕನೇ ಮಹಡಿಯ ಕೋಣೆಯಲ್ಲಿ ಆರು ಪರದೆಗಳ ಮುಂದೆ ಕೂರುವಳು. ಸೂಚ್ಯಂಕ ನೂರಕ್ಕೆ ಹತ್ತು ಕುಸಿದರೆ ಯಂತ್ರ ತಾನೇ ವಹಿವಾಟು ನಿಲ್ಲಿಸುತ್ತದೆ, ಹದಿನೈದು ನಿಮಿಷ. ಅದು ಮೊದಲ ಹಂತ. ಹದಿನೈದು ಕುಸಿದರೆ ಎರಡನೇ ಹಂತ, ನಲವತ್ತೈದು ನಿಮಿಷ. ಇಪ್ಪತ್ತು ಕುಸಿದರೆ ಮೂರನೇ ಹಂತ, ಆ ದಿನಕ್ಕೆ ಬಾಗಿಲು ಬಂದ್. ನಿಲ್ಲಿಸುವುದು ಯಂತ್ರವಾದರೂ ಊರಿಗೆಲ್ಲ ಹೇಳುವುದು, ಹೊತ್ತು ನೋಡುವುದು, ಒಂದು ನಿಮಿಷವೂ ಮೊದಲು ತೆರೆಯದಂತೆ ಕಾಯುವುದು ಇವಳ ಪಾಲು. ಪ್ರತಿ ನಿಲುಗಡೆಯನ್ನೂ ದಪ್ಪ ರಿಜಿಸ್ಟರಿನಲ್ಲಿ ಬರೆಯುವಳು: ದಿನ, ಹೊತ್ತು, ಹಂತ, ಕಾರಣ. ಕಾರಣದ ಕಾಲಮ್ಮಿನಲ್ಲಿ ಯಾರ ಹೆಸರೂ ಬರುವಂತಿಲ್ಲ. ಯಾರು ಮಾರಿದರು, ಯಾರು ಬೀಳಿಸಿದರು ಅನ್ನುವುದು ಅವಳಿಗೆ ಬೇಡದ ಉಸಾಬರಿ.

ಆ ಸಂಜೆ ಅಜ್ಜಿ ಪೆಟ್ಟಿಗೆಯಿಂದ ಗಂಟೆ ತೆಗೆದು, ಬೂದಿ ಹಾಕಿ ಉಜ್ಜಿ, ಅಡುಗೆಮನೆಯ ಬಾಗಿಲ ಪಕ್ಕ ಕೊಕ್ಕೆಗೆ ತೂಗುಹಾಕಿದಳು. ಮೂವರನ್ನೂ ಮೇಜಿನ ಸುತ್ತ ಕೂರಿಸಿದಳು.

"ಇವತ್ತಿಂದ ಈ ಮನೇಲೂ ಅದೇ ಕಾನೂನು. ಕೈ ಎತ್ತಿದ್ರೆ ಮೊದಲನೇ ಹಂತ. ಗಂಟೆ ಬಾರಿಸ್ತೀನಿ. ಅವನು ಹಿಂದಿನ ಕೋಣೆಗೆ, ಇವಳು ಅಡುಗೆಮನೆಗೆ, ಹದಿನೈದು ನಿಮಿಷ ತುಟಿ ಪಿಟಕ್ ಅನ್ನೋ ಹಾಗಿಲ್ಲ. ಸಾಮಾನು ಎಸೆದ್ರೆ ಎರಡನೇದು, ನಲವತ್ತೈದು ನಿಮಿಷ."

"ಮೂರನೇದು?" ಎಂದ ಮಗ, ಮೊಣಕಾಲಿಗೆ ಬಿಸಿನೀರಿನ ಬಟ್ಟೆ ಒತ್ತಿಕೊಳ್ಳುತ್ತ. ಅವನಿಗೆ ನಗು ಬರುತ್ತಿತ್ತು.

"ಮೈಮೇಲೆ ಏಟು ಬಿದ್ರೆ ಮೂರನೇದು. ಬಾಗಿಲು ಬಂದ್. ಹೊಡೆದವರು ಮನೆ ಹೊರಗೆ."

ಸೊಸೆಯ ತುಟಿ ಬಾತು ಬದನೆಕಾಯಿಯಾಗಿತ್ತು. ಅವಳು ಅತ್ತೆಯ ಮುಖವನ್ನೇ ನೋಡಿದಳು.

"ಹಾಕ್ತೀರಾ ಅತ್ತೆ? ಹೆತ್ತ ಮಗನ್ನ? ಆ ದಿನ ಬಂದ್ರೆ ಕರುಳು ಕಿವುಚ್ತು, ಕಣ್ಣು ಕತ್ತಲೆ ಬಂತು ಅನ್ನಬಾರದು."

"ಹಾಕ್ತೀನಿ."

"ನನ್ನ ಮಗಳ ತಲೆ ಮುಟ್ಟಿ ಹೇಳಿ."

ಅಜ್ಜಿ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದಳು. ಅದನ್ನು ನಂಬಿಕೊಂಡು ಸೊಸೆ ತವರಿಗೆ ಕಟ್ಟಿದ್ದ ಗಂಟನ್ನು ಬಿಚ್ಚಿ ಬಟ್ಟೆಗಳನ್ನು ಮತ್ತೆ ಕಪಾಟಿಗೆ ಸೇರಿಸಿದಳು.

ಮೊದಲ ಐದು ವಾರ ಹೇಳಿ ಮಾಡಿಸಿದ ಹಾಗೆ ನಡೆಯಿತು. ಬುಧವಾರ ಬೆಳಗ್ಗೆ ಸ್ನಾನದ ನೀರು ಆರಿತು ಅಂತ ಅವನು ಕೈ ಎತ್ತಿದ. ಗಂಟೆ ಮೊಳಗಿತು. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡು ಹಿಂದಿನ ಕೋಣೆಗೆ ಹೋದ. ಆ ಕೋಣೆ ಮೊದಲು ಉಗ್ರಾಣವಾಗಿತ್ತು. ಕಿಟಕಿಯಿಲ್ಲ, ಹಲಗೆ ಬಾಗಿಲು, ಚಿಲಕ ಹೊರಗಡೆ. ಒಳಗೆ ಹಳೇ ಮಂಚದ ಮೇಲೆ ಕೂತು ಅಲ್ಲಿಂದಲೇ ಕೂಗುವನು:

"ಅಮ್ಮಾ, ಮಾರುಕಟ್ಟೆ ತೆರೀತಾ?"

"ಇನ್ನೂ ಆರು ನಿಮಿಷ ಇದೆ. ಬಾಯ್ಮುಚ್ಚು."

ಇತ್ತ ಅಡುಗೆಮನೆಯಲ್ಲಿ ಸೊಸೆ ಪಾತ್ರೆ ತಿಕ್ಕುವಳು. ಗಂಟೆಯ ಕಾನೂನು ಅವಳಿಗೂ ಅನ್ವಯ. ಅವಳು ಒಮ್ಮೆ ಸೌಟು ಎತ್ತಿದಾಗಲೂ ಅಜ್ಜಿ ಬಿಡಲಿಲ್ಲ, ಬಾರಿಸಿಯೇ ಬಾರಿಸಿದಳು.

"ಅವರು ಮೂರು ಸಲ ಕೈ ಎತ್ತಿದ ಮೇಲೆ ನಾನು ಒಂದು ಸಲ ಸೌಟು ಎತ್ತಿದ್ದು ಅತ್ತೆ!"

"ಎಷ್ಟನೇ ಸಲ ಅಂತ ಗಂಟೆ ಕೇಳಲ್ಲ ಕಣೇ. ವಿನಿಮಯ ಕೇಂದ್ರ ಯಾರ ಪಕ್ಷಾನೂ ವಹಿಸಲ್ಲ," ಎಂದು ಅಜ್ಜಿ ದೊಡ್ಡಸ್ತಿಕೆಯಿಂದ ಹೇಳಿದಳು. ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಆಫೀಸಿನ ಥರವೇ ನಾಲ್ಕು ಕಾಲಮ್ಮು ಮಾಡಿ, ದಿನ, ಹೊತ್ತು, ಹಂತ ಬರೆದು, ಕಾರಣದ ಕಡೆ 'ಗದ್ದಲ' ಎಂದು ಬರೆಯುವಳು. ಆ ಐದು ವಾರದಲ್ಲಿ ಮೂರು ಪಿಂಗಾಣಿ ಬಟ್ಟಲು ಕೊಂಡು ತಂದಳು, ಒಂದೂ ಒಡೆಯಲಿಲ್ಲ. ದರ್ಜಿ ಕೂಡ ಮೆಟ್ಟಿಲಲ್ಲಿ ಸಿಕ್ಕಾಗ, "ಏನಮ್ಮಾ, ಮನೆ ಖಾಲಿ ಮಾಡಿದ್ರೇನೋ ಅಂದ್ಕೊಂಡೆ," ಎಂದು ತಮಾಷೆ ಮಾಡಿದ. ಕಾಲು ನೆಲಕ್ಕೆ ತಾಗದ ಅಜ್ಜಿಯ ಸಂತೋಷ ನೋಡಬೇಕಿತ್ತು!

ಆರನೇ ವಾರ ಕೆಟ್ಟಿತು. ಮಗ ಊಟಕ್ಕೆ ಬರುವಾಗ ಟೈರು ಬಿಚ್ಚುವ ಕಬ್ಬಿಣದ ಸಲಾಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬರುತ್ತಿದ್ದ. ಬಂದವನು ಅದನ್ನು ತಟ್ಟೆಯ ಪಕ್ಕ, ಚಮಚ ಇಟ್ಟ ಹಾಗೆ ಇಡುವನು. ಆ ದಿನ ಬೇಕರಿಯಲ್ಲಿ ಕೆಲಸ ತಡವಾಗಿ, ಅವಳು ಬಂದು ಬೇಳೆ ಒಲೆಗೆ ಇಡುವಷ್ಟರಲ್ಲಿ ಅವನು ಬಂದು ಕೂತಾಗಿತ್ತು.

"ಯಾರ ಜೊತೆ ಹಲ್ಲು ಕಿರೀತಿದ್ದೆ ಇಷ್ಟು ಹೊತ್ತು?"

"ಕಿರಿಯೋಕೆ ಹಲ್ಲೆಲ್ಲಿ ಉಳಿಸಿದ್ದೀರಾ?"

ಅವನ ಮುಖ ಕೆಂಪೇರಿತು. ಅಜ್ಜಿ ಗಂಟೆಯತ್ತ ಎದ್ದಳು. ಅವಳು ಎದ್ದದ್ದನ್ನು ಅವನು ಓರೆಗಣ್ಣಿನಲ್ಲಿ ನೋಡಿದ. ನೋಡಿದವನೇ ಮೇಜು ದಾಟಿ ಹಾರಿ ಹೆಂಡತಿಯ ಕೆನ್ನೆಗೆ ರಪ್ಪನೆ ಬಾರಿಸಿದ. ಅವಳ ತಲೆ ಗೋಡೆಗೆ ಬಡಿಯಿತು. ಗಂಟೆಯ ಸದ್ದು ಆಮೇಲೆ ಬಂತು. ಗಂಟೆ ಕೇಳಿದ ಕೂಡಲೇ ಅವನು ಸಭ್ಯ ಮನುಷ್ಯನ ಹಾಗೆ ಎರಡೂ ಕೈ ಕೆಳಗಿಳಿಸಿ ಹಿಂದಿನ ಕೋಣೆಗೆ ನಡೆದ.

"ಅತ್ತೆ," ಎಂದಳು ಸೊಸೆ, ಗೋಡೆ ಹಿಡಿದುಕೊಂಡು. "ಇದು ಯಾವ ಹಂತ?"

ಅಜ್ಜಿ ನೋಟ್‌ಬುಕ್ ತೆಗೆದಳು. ದಿನ, ಹೊತ್ತು ಬರೆದಳು. ಹೊರಗೆ ಹಾಕಿದರೆ ಮಗ ಅಂಗಡಿಯಲ್ಲಿ, ಟೈರುಗಳ ವಾಸನೆಯಲ್ಲಿ ನೆಲದ ಮೇಲೆ ಮಲಗಿರುವುದು ಕಣ್ಣಿಗೆ ಕಟ್ಟಿತು. ಚಿಕ್ಕವನಾಗಿದ್ದಾಗ ದಮ್ಮು ಬಂದು ಒದ್ದಾಡುತ್ತಿದ್ದವನು, ಇವಳ ಎದೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದವನು.

"ಎರಡನೇದು," ಎಂದಳು. "ಕೈ ತಾಗ್ತು ಅಷ್ಟೆ. ಏಟು ಅನ್ನೋ ಹಾಗಿಲ್ಲ."

ಬೇಳೆ ಸೀದು ಹೋಗಿತ್ತು, ಸೊಸೆ ಪಾತ್ರೆ ಕೆರೆಯಲು ಕೂತಳು.

ಅಲ್ಲಿಂದ ಮುಂದೆ ನಿಲುಗಡೆ ವಾರಕ್ಕೆ ಎರಡಾಯಿತು, ಮೂರಾಯಿತು. ಪಿಂಗಾಣಿ ಬಟ್ಟಲುಗಳ ಕಥೆ ಮುಗಿಯಿತು. ಅಜ್ಜಿ ಗಂಟೆಯನ್ನು ತನ್ನ ಕುರ್ಚಿಯ ಹತ್ತಿರಕ್ಕೆ ತಂದಿಟ್ಟುಕೊಂಡಳು. ಅವನು ದನಿ ಏರಿಸುವ ಮೊದಲೇ ಬಾರಿಸಲು ನೋಡಿದಳು. ಅವಳು ಎಷ್ಟು ಬೇಗ ಮಾಡಿದಳೋ ಅವನು ಅದಕ್ಕಿಂತ ಬೇಗ ಮಾಡಿದ. ಸೂಪಿನ ಸೌಟು, ಚಪ್ಪಲಿ, ಬಾಗಿಲ ಅಗುಳಿ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದ. ಒಂದು ಶನಿವಾರ ಸೊಸೆಯ ಜಡೆ ಹಿಡಿದು ಮುಖವನ್ನು ನೀರಿನ ತೊಟ್ಟಿಗೆ ಅದ್ದಿದ. ಅಜ್ಜಿ ಗಂಟೆ ಬಾರಿಸಿದ ಮೇಲೆ ಬಿಟ್ಟ, ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಕೋಣೆಗೆ ಹೋದ. ನೋಟ್‌ಬುಕ್ಕಿನಲ್ಲಿ ಅದೂ 'ಎರಡನೇ ಹಂತ, ಗದ್ದಲ' ಎಂದೇ ಬಿತ್ತು.

ಆ ದಿನ ಮೊಮ್ಮಗಳು ಅಜ್ಜಿಯ ಜೊತೆ ಬಟ್ಟೆ ಹಿಂಡುತ್ತ ಹೇಳಿದಳು.

"ಅಜ್ಜಿ, ನೀನು ಗಂಟೆ ಮುಟ್ಟೋದನ್ನೇ ಅಪ್ಪ ಕಾಯ್ತಿರ್ತಾನೆ."

"ಏನೇ ಹಾಗಂದ್ರೆ?"

"ನೀನು ಕೈ ಚಾಚಿದ ಕೂಡ್ಲೇ ಇನ್ನು ಟೈಮಿಲ್ಲ ಅಂತ ಗೊತ್ತಾಗುತ್ತೆ. ಅದಕ್ಕೇ ಅಷ್ಟರೊಳಗೆ ಹೊಡೆದು ಮುಗಿಸ್ತಾನೆ. ಮೊದಲು ಬೈದು ಬೈದು ಸುಸ್ತಾಗಿ ಆಮೇಲೆ ಹೊಡೀತಿದ್ದ. ಈಗ ಬೈಯೋದೇ ಇಲ್ಲ."

ಅಜ್ಜಿ ಹಿಂಡುತ್ತಿದ್ದ ಬೆಡ್‌ಶೀಟನ್ನು ಹಾಗೇ ಕೈಬಿಟ್ಟಳು. ಅವಳಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ನಾಲ್ಕನೇ ಮಹಡಿಯಲ್ಲಿ ಎಲ್ಲರಿಗೂ ಗೊತ್ತು. ಸೂಚ್ಯಂಕ ಎಂಟು ಕುಸಿದು ಒಂಬತ್ತರ ಹತ್ತಿರ ಬಂತೆಂದರೆ ಜನ ಹುಚ್ಚರಾಗುತ್ತಾರೆ. ಬಾಗಿಲು ಮುಚ್ಚುತ್ತಾರಂತೆ, ಅಷ್ಟರೊಳಗೆ ಮಾರಿಬಿಡೋಣ ಅಂತ ನುಗ್ಗುತ್ತಾರೆ. ಒಂಬತ್ತರಿಂದ ಹತ್ತಕ್ಕೆ ಬೀಳಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಮೂವತ್ತಮೂರು ವರ್ಷ ಕಣ್ಣಾರೆ ನೋಡಿದ್ದಳು. ಮನೆಗೆ ಬಂದು ಅದನ್ನೇ ಮರೆತಿದ್ದಳು, ಪೆದ್ದಿ!

"ಆಯ್ತು ಬಿಡು, ಸರಿ ಮಾಡ್ತೀನಿ," ಎಂದಳು. ಗಂಟೆಯನ್ನು ಮತ್ತೆ ಕೊಕ್ಕೆಗೆ ಹಾಕಿದಳು. ಮಾಡಿದ್ದು ಅಷ್ಟೇ. ಮೂರನೇ ಹಂತದ ಮಾತನ್ನು ಅವಳೂ ಎತ್ತಲಿಲ್ಲ, ಸೊಸೆಯೂ ಕೇಳಲಿಲ್ಲ.

ಹತ್ತನೇ ವಾರದ ಮಂಗಳವಾರ ಮಾರುಕಟ್ಟೆಯೇ ಕುಸಿಯಿತು. ದೂರದ ಯಾವುದೋ ದೊಡ್ಡ ಬ್ಯಾಂಕು ಮುಳುಗಿತು ಎಂದು ಬೆಳಗ್ಗೆ ಸುದ್ದಿ ಬಂತು, ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮೊದಲ ನಿಲುಗಡೆ. ಅಜ್ಜಿ ಮೈಕಿಗೆ ಬಾಯಿಟ್ಟು, "ವಹಿವಾಟು ನಿಂತಿದೆ. ಹದಿನೈದು ನಿಮಿಷ," ಎಂದಳು. ತೆರೆದ ಇಪ್ಪತ್ತು ನಿಮಿಷಕ್ಕೆ ಎರಡನೆಯದು. ಕೋಣೆಯ ಹನ್ನೆರಡು ಫೋನುಗಳು ಒಟ್ಟಿಗೆ ಬೊಬ್ಬೆಯಿಟ್ಟವು. ನಗರದ ಅತಿ ದೊಡ್ಡ ದಲ್ಲಾಳಿಯೇ ಫೋನಿನಲ್ಲಿ ಬಂದ.

"ಐದೇ ಐದು ನಿಮಿಷ ಮೊದಲು ತೆರೀರಿ. ನಿಮ್ಮ ಸಾಹೇಬರ ಹತ್ರ ನಾನು ಮಾತಾಡ್ಕೋತೀನಿ."

"ಆಗಲ್ಲ."

"ನಾನು ಯಾರು ಗೊತ್ತಾ?"

"ಗೊತ್ತಿಲ್ಲ. ಗೊತ್ತಿದ್ರೂ ಆಗಲ್ಲ."

"ಮುದುಕಿ, ನಿನ್ನ ಕೆಲಸ ಇವತ್ತೇ ಕಳೀತೀನಿ ನೋಡ್ತಿರು!"

"ಕಳೀರಿ. ಇನ್ನೂ ಇಪ್ಪತ್ತೆರಡು ನಿಮಿಷ ಇದೆ," ಎಂದು ಫೋನು ಕುಕ್ಕಿದಳು.

ಒಂದು ಗಂಟೆಗೆ ಸೂಚ್ಯಂಕ ಇಪ್ಪತ್ತು ಮುಟ್ಟಿತು. "ಇವತ್ತಿನ ವಹಿವಾಟು ಮುಗಿದಿದೆ," ಎಂದು ಅಜ್ಜಿ ಮೈಕಿನಲ್ಲಿ ಹೇಳಿದಳು. ದನಿ ಒಂದಿಷ್ಟೂ ಅಲುಗಲಿಲ್ಲ. ಕೆಳಗೆ ಬೀದಿಯಲ್ಲಿ ಕೂಡಿದ್ದ ಜನ ಮುಂಬಾಗಿಲ ಗಾಜನ್ನು ಪುಡಿ ಮಾಡಿದರು. ಕಾವಲುಗಾರನ ಹುಬ್ಬು ಕಲ್ಲೇಟಿಗೆ ಸೀಳಿತು. ಟೈ ಕಟ್ಟಿದ್ದ ಗಂಡಸೊಬ್ಬ ಇನ್ನೊಬ್ಬ ಟೈಯವನನ್ನು ಕಾರಿನ ಬಾನೆಟ್ಟಿಗೆ ಅಪ್ಪಳಿಸುತ್ತಿದ್ದ. ಸಾಹೇಬರು ಅಜ್ಜಿಯನ್ನು ಹಿಂದಿನ ಗೇಟಿನಿಂದ ಕಳಿಸುತ್ತ, "ನೀವಿರೋದಕ್ಕೆ ಸರಿಹೋಯ್ತು. ಬೇರೆ ಯಾರಾದ್ರೂ ಆಗಿದ್ರೆ ಬಾಗಿಲು ತೆಗೆದುಬಿಡ್ತಿದ್ರು," ಎಂದರು.

ಬಸ್ಸಿನ ದಾರಿಯುದ್ದಕ್ಕೂ ಅಜ್ಜಿ ಬೀಗುತ್ತ ಕೂತಿದ್ದಳು. ಮಧ್ಯಾಹ್ನ ಮೂರೂವರೆಗೆ ಮೆಟ್ಟಿಲು ಹತ್ತುವಾಗಲೇ ಮಗನ ಗಂಟಲು ಕೇಳಿಸಿತು.

ಬೇಕರಿಯವರು ಸೊಸೆಯನ್ನು ಒಲೆಯ ವಿಭಾಗಕ್ಕೆ ಮುಖ್ಯಸ್ಥೆ ಮಾಡಿದ್ದರು. ಬಿಳಿ ಟೊಪ್ಪಿಗೆ ಕೊಟ್ಟಿದ್ದರು. ಅದನ್ನು ಮೇಜಿನ ಮೇಲಿಟ್ಟು ಅವಳು ಮಗಳಿಗೆ ತೋರಿಸುತ್ತಿದ್ದಳು. ನಾಳೆಯಿಂದ ಬೆಳಗಿನ ಜಾವ ನಾಲ್ಕಕ್ಕೆ ಕೆಲಸಕ್ಕೆ ಹೊರಡಬೇಕು. ತಡವಾಗಿ ಊಟಕ್ಕೆ ಬಂದಿದ್ದ ಮಗನ ಮುಂದೆ ಬ್ರೆಡ್ಡು, ಬೇಯಿಸಿದ ಎರಡು ಮೊಟ್ಟೆ, ಮತ್ತು ಸಲಾಕೆ.

"ನಾಲ್ಕು ಗಂಟೆಗೆ ಎದ್ದು ಹೋದ್ರೆ ನನ್ನ ತಿಂಡಿ ನಿಮ್ಮಪ್ಪ ಬಂದು ಮಾಡ್ತಾನಾ?"

"ಮಾಡಿಟ್ಟು ಹೋಗ್ತೀನಿ ಅಂದೆನಲ್ಲ."

"ಆರಿದ್ದು ತಿನ್ನೋಕೆ ನಾನೇನು ನಾಯಿನಾ? ಹೋಗೋ ಹಾಗಿಲ್ಲ."

"ಹೋಗ್ತೀನಿ. ಟೊಪ್ಪಿಗೆ ತಗೊಂಡಾಯ್ತು."

ಅಷ್ಟು ಹೊತ್ತಿಗೆ ಅಜ್ಜಿ ಹೊಸ್ತಿಲಲ್ಲಿದ್ದಳು. ಮೂವತ್ತಮೂರು ವರ್ಷದ ಅಭ್ಯಾಸ, ಕೈ ತಾನಾಗಿಯೇ ಕೊಕ್ಕೆಯತ್ತ ಹೋಯಿತು. ಮೊಮ್ಮಗಳು "ಅಜ್ಜೀ, ಬೇಡ, ಮುಟ್ಟಬೇಡ!" ಎಂದು ಕಿರುಚಿದಳು. ಮಗ ತಾಯಿಯ ಕೈಯನ್ನು ನೋಡಿಬಿಟ್ಟಿದ್ದ. ಸಲಾಕೆ ಎತ್ತಿಕೊಂಡು, ಟೊಪ್ಪಿಗೆಯ ಮೇಲಿದ್ದ ಹೆಂಡತಿಯ ಬಲಗೈಗೆ ಒಂದು ಬಿಟ್ಟ. ಗಂಟೆ ಕೊಕ್ಕೆಯಿಂದ ಬಿಡಿಸಿ ಬರುವಷ್ಟರಲ್ಲಿ ಅದೇ ಜಾಗಕ್ಕೆ ಇನ್ನೊಂದು. ಒಣ ಕಡ್ಡಿ ಮುರಿದಂಥ ಸದ್ದು ಅಜ್ಜಿಗೆ ಸ್ಪಷ್ಟವಾಗಿ ಕೇಳಿಸಿತು. ಅವಳು ಗಂಟೆ ಬಾರಿಸಿದಳು.

ಅವನು ತಕ್ಷಣ ನಿಂತ. ಸಲಾಕೆಯನ್ನು ತಟ್ಟೆಯ ಪಕ್ಕ ನೆಟ್ಟಗೆ ಇಟ್ಟ. ಅರ್ಧ ತಿಂದಿದ್ದ ಮೊಟ್ಟೆಯನ್ನು ಬಾಯಿಗೆ ಹಾಕಿಕೊಂಡ.

"ಹದಿನೈದಾ, ನಲವತ್ತೈದಾ?" ಎಂದು ಕೇಳಿದ.

ಅಜ್ಜಿ ಸೊಸೆಯತ್ತ ಧಾವಿಸಿದಳು.

"ಏನೋ ಒಂದು. ಆದಾಗ ಕೂಗು," ಎಂದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹಳೇ ಮಂಚ ಕಿರುಗುಟ್ಟಿತು, ಮಲಗಿಕೊಂಡನೆಂದು ತಿಳಿಯಿತು.

ಸೊಸೆ ನೆಲದ ಮೇಲೆ ಕುಸಿದಿದ್ದಳು. ಮಣಿಕಟ್ಟು ತಿರುಗಬಾರದ ಕಡೆ ತಿರುಗಿತ್ತು, ಚರ್ಮದೊಳಗಿಂದ ಬಿಳಿ ಇಣುಕಿತ್ತು. ಟೊಪ್ಪಿಗೆ ಒದ್ದೆ ಕೆಂಪಾಗಿತ್ತು. ಅವಳು ಅಳುತ್ತಿರಲಿಲ್ಲ, ಹಲ್ಲು ಕಚ್ಚಿ ಅತ್ತೆಯನ್ನು ನೋಡುತ್ತಿದ್ದಳು.

"ಬರೀರಿ ಅತ್ತೆ. ನೋಟ್‌ಬುಕ್ ತಂದು ಬರೀರಿ. ಎರಡನೇ ಹಂತ, ಗದ್ದಲ ಅಂತ."

"ಅಯ್ಯೋ ನನ್ನಮ್ಮಾ..."

"ನೀವು ಗಂಟೆ ಬಾರಿಸಿದಾಗಲೆಲ್ಲ ಅವರಿಗೆ ಹದಿನೈದು ನಿಮಿಷ ವಿಶ್ರಾಂತಿ. ನನಗೆ ಹದಿನೈದು ನಿಮಿಷ ಹೆದರಿಕೆ. ಬಾಗಿಲು ತೆರೆದ ಮೇಲೆ ಏನು ಕಾದಿದೆಯೋ ಅಂತ. ಹತ್ತು ವಾರ ನನ್ನನ್ನ ಹೀಗೆ ಕೂರಿಸಿದ್ರಿ. ನನ್ನ ಮಗಳ ತಲೆ ಮುಟ್ಟಿದ್ರಲ್ಲ ಅತ್ತೆ, ಮುಟ್ಟಿದ್ರಲ್ಲ!"

ಅಜ್ಜಿಗೆ ನಾಚಿಕೆಯಾಯಿತು. ಬೆಳಗ್ಗೆಯಿಂದ ನಗರದ ದೊಡ್ಡ ದೊಡ್ಡ ಗಂಡಸರಿಗೆ ಆಗಲ್ಲ ಅಂದವಳು, ಮನೆಯಲ್ಲಿ ಒಂದು ಸಲವೂ ಅಂದಿರಲಿಲ್ಲ. ಅವಳು ಚಪ್ಪಲಿ ಬಿಟ್ಟು, ಸದ್ದಾಗದ ಹಾಗೆ ನಡೆದು ಹೋಗಿ ಹಿಂದಿನ ಕೋಣೆಯ ಚಿಲಕ ಹಾಕಿದಳು. ಗೋಡೆಯ ಗಡಿಯಾರ ನೋಡಿದಳು. ಹದಿನೈದರಲ್ಲಿ ಹನ್ನೊಂದು ನಿಮಿಷ ಉಳಿದಿತ್ತು.

ಆ ಹನ್ನೊಂದು ನಿಮಿಷದಲ್ಲಿ ಅವಳು ಮಾಡಿದಂಥ ಕೆಲಸ ಜನ್ಮದಲ್ಲಿ ಮಾಡಿರಲಿಲ್ಲ. ಮುರಿದ ಕೈಗೆ ಲಟ್ಟಣಿಗೆ ಇಟ್ಟು ಟವೆಲ್ಲಿನಿಂದ ಬಿಗಿದಳು. ಸೊಸೆ ಒಂದೇ ಒಂದು ಸಲ ಚೀರಿದಳು. ಅಜ್ಜಿ ಮೊಮ್ಮಗಳ ಕೈಗೆ ತನ್ನ ಪರ್ಸು ಕೊಟ್ಟಳು. ಮಹಡಿಯಿಂದ ಬಗ್ಗಿ ದರ್ಜಿಯನ್ನು ಕರೆದಳು. ಅವನು ಬಂದು ಸೊಸೆಯ ಕೈ ನೋಡಿ, ಎಂದಿನ ಪ್ರಶ್ನೆ ಕೇಳಲಿಲ್ಲ.

"ಆಸ್ಪತ್ರೆಗೆ ಕರ್ಕೊಂಡು ಹೋಗಪ್ಪಾ. ದಾರೀಲಿ ಪೊಲೀಸರಿಗೆ ಫೋನ್ ಮಾಡು. ಬೇಗ ಬರಬೇಕು ಅನ್ನು."

"ನೀವೂ ಬನ್ನಿ ಅಮ್ಮಾ. ಒಬ್ಬರೇ ಇರಬೇಡಿ."

"ನನಗೆ ಇಲ್ಲಿ ಕೆಲಸ ಇದೆ."

ಅವರು ಇಳಿದು ಹೋದ ಮೇಲೆ ಅಜ್ಜಿ ಕುರ್ಚಿಯನ್ನು ಹಿಂದಿನ ಕೋಣೆಯ ಎದುರಿಗೆ ಎಳೆದುಕೊಂಡು ಕೂತಳು. ಗಂಟೆ ಮಡಿಲಲ್ಲಿತ್ತು.

"ಅಮ್ಮಾ, ಆಯ್ತು ಟೈಮು," ಒಳಗಿನಿಂದ ಕೂಗು ಬಂತು. "ಮಾರುಕಟ್ಟೆ ತೆರೀತಾ?"

"ಇಲ್ಲ."

"ನಲವತ್ತೈದಾ ಹಾಗಾದ್ರೆ?"

"ಇವತ್ತಿನ ವಹಿವಾಟು ಮುಗಿದಿದೆ," ಎಂದಳು ಅಜ್ಜಿ, ಮೈಕಿನಲ್ಲಿ ಹೇಳುವ ದನಿಯಲ್ಲಿ.

ಮೊದಲು ನಕ್ಕ. ಆಮೇಲೆ ಬಾಗಿಲು ತಳ್ಳಿದ. ಚಿಲಕ ಹಾಕಿರುವುದು ತಿಳಿದ ಮೇಲೆ ಅವನ ಬಾಯಿಂದ ಬಂದ ಮಾತುಗಳನ್ನು ಯಾವ ತಾಯಿಯೂ ಕೇಳಬಾರದು. ಭುಜ ಕೊಟ್ಟು ಗುದ್ದಿದ, ಒದ್ದ, ಮಂಚದ ಕಾಲು ಮುರಿದು ಅದರಿಂದ ಜಪ್ಪಿದ. ಮೂರನೇ ಏಟಿಗೆ ಹಲಗೆ ಸೀಳಿತು. ಸೀಳಿನಿಂದ ಕೈ ಹೊರಗೆ ಬಂತು, ಗ್ರೀಸು ಮೆತ್ತಿದ ದಪ್ಪ ಬೆರಳುಗಳು ಹಾವಿನ ಹಾಗೆ ಚಿಲಕ ಹುಡುಕಿದವು. ಅಜ್ಜಿ ಎದ್ದಳು. ಗಂಟೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಿತ್ತಾಳೆಯ ಅಂಚು ತಾಗುವಂತೆ ಆ ಬೆರಳುಗಳ ಮೇಲೆ ಅಪ್ಪಳಿಸಿದಳು.

ಅವನು ಕಟುಕನ ಕೈಗೆ ಸಿಕ್ಕ ಕೋಣದ ಹಾಗೆ ಅರಚಿದ.

"ಅಮ್ಮಾ! ನಾನು ಅಮ್ಮಾ, ನಿನ್ನ ಮಗ!"

"ಗೊತ್ತು ಕಣೋ. ಹೆತ್ತಿದ್ದು ನಾನೇ."

ಕೈ ಮತ್ತೆ ಚಿಲಕದತ್ತ ಬಂತು. ಮತ್ತೆ ಅಪ್ಪಳಿಸಿದಳು. ಕಣ್ಣೀರು ಧಾರೆಯಾಗಿ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೂರನೇ ಸಲಕ್ಕೆ ಕೈ ಒಳಗೆ ಹೋಯಿತು. ಒಳಗೆ ಅವನು ಬಿಕ್ಕುವುದು ಕೇಳಿಸಿತು, ದಮ್ಮು ಎಳೆಯುವುದೂ ಕೇಳಿಸಿತು. "ಬಾಗಿಲು ತೆಗಿಯಮ್ಮಾ, ಉಸಿರು ಕಟ್ತಿದೆ," ಎಂದ. ಅಜ್ಜಿ ಸೀಳಿನಿಂದ ಇಣುಕಿ, ಅವನು ಗೋಡೆಗೆ ಒರಗಿ ಕೂತು ಉಸಿರಾಡುತ್ತಿರುವುದನ್ನು ನೋಡಿದಳು. ಮಂಚದ ಕಾಲು ಇನ್ನೂ ಅವನ ಕೈಯಲ್ಲೇ ಇತ್ತು. ಮತ್ತೆ ಕುರ್ಚಿಯ ಮೇಲೆ ಬಂದು ಕೂತಳು. ಪೊಲೀಸರು ಮೆಟ್ಟಿಲು ಹತ್ತುವವರೆಗೂ ಏಳಲಿಲ್ಲ.

ಠಾಣೆಯಲ್ಲಿ ಸಂಜೆ ಆರು ಗಂಟೆ. ಆಸ್ಪತ್ರೆಯಿಂದ ಮೊಮ್ಮಗಳು ದರ್ಜಿಯ ಜೊತೆ ನೇರ ಅಲ್ಲಿಗೇ ಬಂದಿದ್ದಳು. ಸೊಸೆಯ ಕೈಗೆ ಆಪರೇಷನ್ ಆಗುತ್ತಿದೆ, ಎರಡು ಮೂಳೆ ಮುರಿದಿವೆ, ಹಿಟ್ಟು ನಾದುವ ಶಕ್ತಿ ಮತ್ತೆ ಬರುತ್ತದೋ ಇಲ್ಲವೋ ಈಗಲೇ ಹೇಳಲು ಬರುವುದಿಲ್ಲ ಎಂದರಂತೆ ಡಾಕ್ಟರು. ಅಜ್ಜಿ ಕೇಳಿಸಿಕೊಂಡಳು. ಎದುರಿಗಿದ್ದ ಅಧಿಕಾರಿ ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದ.

"ನೋಡಿಯಮ್ಮಾ, ಮನೆ ಜಗಳ ಅಂದ್ಮೇಲೆ ಎರಡೂ ಕಡೆ ಇರುತ್ತೆ. ನಿಮ್ಮ ಮಗನ ಬೆರಳೂ ಮುರಿದಿದೆ. ಯಾರು ಶುರು ಮಾಡಿದ್ದು?"

"ನನ್ನ ಮಗ," ಎಂದಳು ಅಜ್ಜಿ. "ಬೆರಳು ಮುರಿದಿದ್ದು ನಾನು. ಸೊಸೆ ಅಲ್ಲ."

"ಇವತ್ತಿಂದು ಮಾತ್ರಾನಾ, ಹಿಂದೆನೂ ಆಗಿತ್ತಾ?"

ಅಜ್ಜಿ ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಅಧಿಕಾರಿ ಪುಟ ತಿರುವಿದ. ದಿನ, ಹೊತ್ತು, ಹಂತ, ಎಲ್ಲ ಅಚ್ಚುಕಟ್ಟಾಗಿತ್ತು. ಅವನ ಹುಬ್ಬು ಗಂಟಾಯಿತು.

"ಎಲ್ಲಾ ಕಡೆ 'ಗದ್ದಲ' ಅಂತ ಇದೆಯಲ್ಲ. ಯಾರು ಏನು ಮಾಡಿದ್ರು ಅಂತಾನೇ ಇಲ್ಲ. ಇದನ್ನಿಟ್ಕೊಂಡು ನಾನೇನು ಮಾಡ್ಲಿ?"

"ಕೊಡಿ ಇಲ್ಲಿ."

ಅವನ ಕೈಯಿಂದಲೇ ಪೆನ್ನು ಇಸಿದುಕೊಂಡಳು. ಎಲ್ಲಕ್ಕಿಂತ ಕೆಳಗೆ ಒಂದು ಹೊಸ ಸಾಲು ಎಳೆದು, ಇವತ್ತಿನ ದಿನ, ಮಧ್ಯಾಹ್ನ ಮೂರೂವರೆ, ಮೂರನೇ ಹಂತ ಎಂದು ಬರೆದಳು. ಕಾರಣದ ಕಡೆ ಮಗನ ಪೂರ್ತಿ ಹೆಸರು, ಅವನ ಅಪ್ಪನ ಹೆಸರು ಸಹಿತ ಬರೆದು, 'ಸಲಾಕೆಯಿಂದ ಹೆಂಡತಿಯ ಬಲಗೈ ಮುರಿದ' ಎಂದಳು, ಬಾಯಲ್ಲೂ ಕಾಗದದ ಮೇಲೂ. ಆಮೇಲೆ ಮೊದಲ ಪುಟಕ್ಕೆ ಹೋದಳು. 'ಗದ್ದಲ' ಎಂಬುದರ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ಬರೆಯತೊಡಗಿದಳು. ಸೌಟಿನ ಸಾಲು ಬಂದಾಗ, 'ಇವನು ಮೂರು ಸಲ ಕೈ ಎತ್ತಿದ ಮೇಲೆ' ಎಂದು ಸೇರಿಸಿದಳು. ಎಲ್ಲಿಯಾದರೂ ತಡವರಿಸಿದರೆ ಮೊಮ್ಮಗಳು ಬಗ್ಗಿ, "ಅವತ್ತು ಸ್ನಾನದ ನೀರು ಅಜ್ಜಿ," ಎಂದು ನೆನಪಿಸಿದಳು.

ನಾಲ್ಕು ಸಾಲಾಗುವಷ್ಟರಲ್ಲಿ ಅಧಿಕಾರಿ ಗಡಿಯಾರ ನೋಡಿದ. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತ.

"ಸಾಕಮ್ಮಾ, ಕೇಸಿಗೆ ಇಷ್ಟು ಸಾಕು. ಬಿಡಿ."

"ಇನ್ನೂ ಹತ್ತೊಂಬತ್ತು ಸಾಲಿದೆ," ಎಂದಳು ಅಜ್ಜಿ, ತಲೆ ಎತ್ತದೆ. "ಕೂತ್ಕೊಳ್ಳಿ."